ಜೇಬೆಜ್ ಓಡ್ಲಿಂಗ್ ಎತ್ತಿದ ಕಲ್ಲು

ಸ್ಟೇನ್‌ವೋಲ್ಡ್‌ನಿಂದ ಮಾರ್ಬೆಕ್‌ಗೆ ಮೂರು ಮೈಲಿ. ಆ ಮೂರು ಮೈಲಿ ರಸ್ತೆಯನ್ನು ನಲವತ್ತು ವರ್ಷ ನೋಡಿಕೊಂಡವನು ಜೇಬೆಜ್ ಓಡ್ಲಿಂಗ್. ಮೊದಲ ಮಹಾಯುದ್ಧದಿಂದ ಜೀವ ಉಳಿಸಿಕೊಂಡು ಬಂದ 1919ರಲ್ಲಿ ಕೌಂಟಿಯವರು, ಅಂದರೆ ಜಿಲ್ಲೆಯ ಆಡಳಿತದವರು, ಅವನಿಗೆ ಒಂದು ಗುದ್ದಲಿ, ಒಂದು ಹಾರೆ, ಬೇಲಿ ಸವರುವ ಕತ್ತಿ ಮತ್ತು ಒಂದು ಕೈಗಾಡಿ ಕೊಟ್ಟರು. ಗುಂಡಿ ಮುಚ್ಚುವುದು, ಚರಂಡಿ ಬಿಡಿಸುವುದು, ಬೇಲಿ ಕತ್ತರಿಸುವುದು, ಚಳಿಗಾಲದಲ್ಲಿ ಹಿಮ ಎತ್ತಿ ಹಾಕುವುದು, ಇಷ್ಟೇ ಅವನ ಕೆಲಸ. ಮಾತು ಕಡಿಮೆ. ರಸ್ತೆಯ ಮೇಲೆ ನೀರು ನಿಂತರೆ ಮಾತ್ರ ಅವನಿಗೆ ಸಿಟ್ಟು ಬರುತ್ತಿತ್ತು.

ನಾನು ಮಾರ್ಬೆಕ್ ಅಂಚೆ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕೂತವಳು. ಅವನ ಕಥೆಯನ್ನು ಎರಡೂ ಊರಿನ ಬಾಯಿಂದ ಕೇಳಿದ್ದೇನೆ. ಕಡೆಕಡೆಗೆ ಅವನ ಬಾಯಿಂದಲೂ ಕೇಳಿದೆ. ಕೆಲವನ್ನು ಕಣ್ಣಾರೆ ನೋಡಿದ್ದೇನೆ.

ಸ್ಟೇನ್‌ವೋಲ್ಡ್ ಗುಡ್ಡದ ಮೇಲಿನ ಊರು. ದೊಡ್ಡ ಚರ್ಚು, ದೊಡ್ಡ ಜಮೀನುದಾರರು, ಊರ ನಡುವೆ ಬಾತುಕೋಳಿಗಳ ಕೊಳ. ಮಾರ್ಬೆಕ್ ಕೆಳಗೆ ಹಳ್ಳದ ದಡದಲ್ಲಿ, ವರ್ಷಕ್ಕೆರಡು ಸಲ ಅಡುಗೆಮನೆಗೆ ನೀರು ನುಗ್ಗಿಸಿಕೊಳ್ಳುವ ಊರು. ಎರಡರ ನಡುವೆ, ಮಾರ್ಬೆಕ್‌ಗೆ ಒಂದು ಮೈಲಿ ಇರುವಲ್ಲಿ, ರಸ್ತೆ ಪಕ್ಕ ಸೊಂಟದೆತ್ತರದ ಒಂದು ಕಲ್ಲಿತ್ತು. ತಲೆಯ ಮೇಲೆ ಬೋಗುಣಿಯಂಥ ತಗ್ಗು. ಅದಕ್ಕೆ ವಿನೆಗರ್ ಕಲ್ಲು ಎಂದು ಹೆಸರು. ಪ್ಲೇಗಿನ ಕಾಲದಲ್ಲಿ ಮಾರ್ಬೆಕ್ ಜನ ಊರು ಬಿಟ್ಟು ಹೊರಬರುವಂತಿಲ್ಲದೆ ಸಾಯುತ್ತಿದ್ದಾಗ ಸ್ಟೇನ್‌ವೋಲ್ಡಿನವರು ದಿನವೂ ಬ್ರೆಡ್ಡು ತಂದು ಈ ಕಲ್ಲಿನ ಬಳಿ ಇಟ್ಟು ಹೋಗುತ್ತಿದ್ದರಂತೆ. ಮಾರ್ಬೆಕ್‌ನವರು ತಗ್ಗಿನಲ್ಲಿ ವಿನೆಗರ್ ತುಂಬಿ ಅದರೊಳಗೆ ನಾಣ್ಯ ಹಾಕುತ್ತಿದ್ದರಂತೆ, ರೋಗ ಅಂಟದಿರಲೆಂದು. ಇದು ಸ್ಟೇನ್‌ವೋಲ್ಡಿನ ಶಾಲೆಯಲ್ಲಿ ಹೇಳುತ್ತಿದ್ದ ಕಥೆ. ಮಾರ್ಬೆಕ್‌ನ ಶಾಲೆಯಲ್ಲೂ ಇದನ್ನೇ ಹೇಳುತ್ತಿದ್ದರು.

ಪ್ರತಿ ಸೆಪ್ಟೆಂಬರಿನಲ್ಲಿ ಬ್ರೆಡ್ಡಿನ ಭಾನುವಾರ. ಸ್ಟೇನ್‌ವೋಲ್ಡಿನವರು ಹನ್ನೆರಡು ಬ್ರೆಡ್ಡನ್ನು ಹಲಗೆಯ ಮೇಲೆ ಹೊತ್ತು ತಂದು ಕಲ್ಲಿನ ಬಳಿ ಇಡುತ್ತಿದ್ದರು. ಮಾರ್ಬೆಕ್‌ನ ಅತಿ ಹಿರಿಯ ಗಂಡಸು ಟೋಪಿ ತೆಗೆದು, “ಸ್ಟೇನ್‌ವೋಲ್ಡಿನ ಬ್ರೆಡ್ಡನ್ನು ಮಾರ್ಬೆಕ್ ಮರೆತಿಲ್ಲ” ಎನ್ನಬೇಕು. ಹೆಣ್ಣುಮಕ್ಕಳು ಮೊಣಕಾಲು ಬಗ್ಗಿಸಿ ವಂದಿಸಬೇಕು. ಆಮೇಲೆ ಸ್ಟೇನ್‌ವೋಲ್ಡಿನವರು ಬೆಟ್ಟ ಹತ್ತಿ ಹೋಗಿ ಊಟ ಮಾಡುತ್ತಿದ್ದರು. ಮಾರ್ಬೆಕ್‌ನವರು ಬ್ರೆಡ್ಡು ಹಿಡಿದುಕೊಂಡು ಕೆಳಗಿಳಿಯುತ್ತಿದ್ದರು.

ಜೇಬೆಜ್ ಸ್ಟೇನ್‌ವೋಲ್ಡಿನವನು. ಅವನ ತಾಯಿ ಆ ಹನ್ನೆರಡರಲ್ಲಿ ಎರಡು ಬ್ರೆಡ್ಡು ಬೇಯಿಸುತ್ತಿದ್ದವಳು. ಅವನು ಮದುವೆಯಾದದ್ದು ಮಾರ್ಬೆಕ್‌ನ ಲೆಟಿ ಡೌಸ್‌ಳನ್ನು. ಮಾತಿನಲ್ಲಿ ಅವಳನ್ನು ಮೀರಿಸುವವರು ಎರಡೂ ಊರಿನಲ್ಲಿರಲಿಲ್ಲ. ಹತ್ತು ವರ್ಷದವಳಿದ್ದಾಗ ಕಲ್ಲಿನ ಮುಂದೆ ಮೊಣಕಾಲು ಬಗ್ಗಿಸಿದವಳಿಗೆ ಮೇಲೂರಿನ ಹುಡುಗಿಯೊಬ್ಬಳು, “ಇನ್ನೂ ಸ್ವಲ್ಪ ಬಗ್ಗು, ತಿಂದಿದ್ದು ನೆನಪಿರ್ಲಿ” ಎಂದಿದ್ದಳಂತೆ. ಲೆಟಿ ಅದನ್ನು ಮರೆಯಲೇ ಇಲ್ಲ. ಮದುವೆಯಾಗಿ ಸ್ಟೇನ್‌ವೋಲ್ಡಿನ ಕೊನೆಯ ಮನೆಗೆ ಬಂದ ಮೇಲೆ ಪ್ರತಿ ಬ್ರೆಡ್ಡಿನ ಭಾನುವಾರವೂ ಗಂಡನ ತಟ್ಟೆಗೆ ಬ್ರೆಡ್ಡು ಹಾಕುತ್ತಾ, “ತಗೋ, ಇವತ್ತು ಕೆಳಗಿನೂರಿನವಳ ಕೈಯಿಂದ ತಿನ್ನು. ಥ್ಯಾಂಕ್ಸ್ ಏನೂ ಬೇಡ” ಎನ್ನುತ್ತಿದ್ದಳು. ಅವನು ನಕ್ಕು ತಿನ್ನುತ್ತಿದ್ದ.

ಹತ್ತು ವರ್ಷ ಮಾರ್ಬೆಕ್‌ನ ಅತಿ ಹಿರಿಯ ಗಂಡಸಾಗಿ ಟೋಪಿ ತೆಗೆದವನು ಲೆಟಿಯ ಅಪ್ಪ ಏಮಸ್ ಡೌಸ್. ಕುರಿ ಕಾಯ್ದು ಬದುಕಿದ ಮನುಷ್ಯ. ಆ ಒಂದು ಸಾಲನ್ನು ಹೇಳುವ ಹಿಂದಿನ ವಾರವೆಲ್ಲ ಅವನಿಗೆ ಊಟ ಸೇರುತ್ತಿರಲಿಲ್ಲ ಎಂದು ಲೆಟಿ ನನಗೆ ಹೇಳಿದ್ದಳು.

1940ರ ಜೂನಿನಲ್ಲಿ ಜರ್ಮನರು ಸಮುದ್ರ ದಾಟಿ ಬರುತ್ತಾರೆಂಬ ಭಯ ಹುಟ್ಟಿತು. ದಾರಿ ತೋರಿಸುವ ಫಲಕಗಳನ್ನೆಲ್ಲ ಕೀಳಬೇಕು, ಊರ ಹೆಸರಿರುವ ಮೈಲಿಗಲ್ಲುಗಳನ್ನು ಹೂಳಬೇಕು ಎಂದು ಆಜ್ಞೆ ಬಂತು. ರಸ್ತೆ ಇಲಾಖೆಯ ಸರ್ವೇಯರ್ ಸೈಕಲ್ ಮೇಲೆ ಬಂದು ಜೇಬೆಜ್‌ಗೆ ಹೇಳಿದ: “ಎಲ್ಲಿ ಹೂತೆ ಅಂತ ನಿನಗೊಬ್ಬನಿಗೇ ಗೊತ್ತಿರ್ಬೇಕು. ಮನೇಲೂ ಬಾಯಿ ಬಿಡ್ಬೇಡ.”

“ವಿನೆಗರ್ ಕಲ್ಲು?” ಎಂದು ಜೇಬೆಜ್ ಕೇಳಿದ. ಅದರ ರಸ್ತೆಯ ಕಡೆಯ ಮುಖದ ಮೇಲೆ ಯಾರೋ ಹಿಂದೆ ಎರಡೂ ಊರಿನ ಹೆಸರು, ಮೈಲಿ ಕೊರೆದಿದ್ದರು.

“ಅದರ ಮೇಲೆ ಹೆಸರಿದೆ ತಾನೆ? ಹೂತುಬಿಡು.”

ಪಕ್ಕದ ಜಮೀನಿನವರ ಕುದುರೆ ಕೇಳಿ ತಂದು, ಸರಪಳಿ ಹಾಕಿ, ಸುತ್ತ ಅಗೆದು ಅದನ್ನು ಎಬ್ಬಿಸಲು ಇಡೀ ಮಧ್ಯಾಹ್ನ ಹಿಡಿಯಿತು. ಮೇಲೆ ಕಾಣುತ್ತಿದ್ದಷ್ಟೇ ಉದ್ದ ನೆಲದೊಳಗೂ ಇತ್ತು. ಅಡ್ಡ ಮಲಗಿಸಿದಾಗ ಬೆಟ್ಟದ ಕಡೆಗಿದ್ದ ಮುಖದ ಕೆಳಭಾಗದಲ್ಲಿ, ಮಣ್ಣು ಮೆತ್ತಿಕೊಂಡ ಜಾಗದಲ್ಲಿ, ಗೆರೆಗಳು ಕಂಡವು. ಒದ್ದೆ ಗೋಣಿಯಿಂದ ಉಜ್ಜಿದ. ಹಳೆಯ ಕಾಲದ ಅಕ್ಷರ; ಕೆಲವನ್ನು ಬೆರಳಿಟ್ಟು ಓದಬೇಕಾಯಿತು.

ಸ್ಟೇನ್‌ವೋಲ್ಡಿನ ರೋಗಿಗಳಿಗೆ ಮಾರ್ಬೆಕ್ ಜನ ಹದಿನೇಳು ವಾರ ಇಲ್ಲಿ ಬ್ರೆಡ್ಡಿಟ್ಟರು. 1631.

ಅವನು ಮೂರು ಸಲ ಓದಿದ. ಕುದುರೆ ಹುಲ್ಲು ಮೇಯುತ್ತಿತ್ತು. ಆ ಹೊತ್ತಿಗೆ ಅವನಿಗೆ ಅನ್ನಿಸಿದ್ದು ಏನೆಂದು ನಾನು ಕೇಳಿದಾಗ, “ಅಮ್ಮ ನೆನಪಾದಳು. ಹಲಗೆ ಹೊತ್ತು ಇಳೀವಾಗ ಅವಳ ಮುಖ ಹೇಗಿರ್ತಿತ್ತು ಅಂತ” ಎಂದಷ್ಟೇ ಹೇಳಿದ. ಕಲ್ಲನ್ನು ಹಳೆಯ ಸುಣ್ಣಕಲ್ಲಿನ ಗಣಿಗೆ ಎಳೆಸಿ, ಅಕ್ಷರದ ಮುಖ ಕೆಳಗೆ ಮಾಡಿ ಹೂತ. ಮೇಲೆ ಮುಳ್ಳುಕಂಟಿ ಹಾಕಿದ. ಮನೆಗೆ ಬಂದು ಕೈ ತೊಳೆದು ಊಟಕ್ಕೆ ಕೂತ. ಹೆಂಡತಿಗೆ ಏನೂ ಹೇಳಲಿಲ್ಲ.

1942ರ ಫೆಬ್ರವರಿಯಲ್ಲಿ ಏಮಸ್ ಡೌಸ್ ತೀರಿಕೊಂಡ. ಶವಪೆಟ್ಟಿಗೆಗೆ ಹೆಗಲು ಕೊಟ್ಟ ನಾಲ್ವರಲ್ಲಿ ಅಳಿಯನೂ ಒಬ್ಬ. ಆಗಲೂ ಹೇಳಲಿಲ್ಲ. “ಮೊದಲು ಆಜ್ಞೆ ಅಂತ ಸುಮ್ಮನಿದ್ದೆ. ಆಮೇಲೆ ಸುಮ್ಮನಿದ್ದುಬಿಟ್ಟೆನಲ್ಲ ಅಂತ ಸುಮ್ಮನಿದ್ದೆ” ಎಂದು ಅವನು ಮುಂದೊಮ್ಮೆ ಹೇಳಿದ್ದುಂಟು.

ಯುದ್ಧ ಮುಗಿಯಿತು. ಫಲಕಗಳು, ಮೈಲಿಗಲ್ಲುಗಳು ಒಂದೊಂದಾಗಿ ಮೇಲೆದ್ದವು. ವಿನೆಗರ್ ಕಲ್ಲನ್ನು ಮಾತ್ರ ಜೇಬೆಜ್ ಮುಂದೂಡುತ್ತಾ ಬಂದ. ಕೇಳಿದವರಿಗೆ ಕುದುರೆ ಸಿಕ್ಕಲಿಲ್ಲ ಎನ್ನುತ್ತಿದ್ದ, ನೆಲ ಹಸಿ ಇದೆ ಎನ್ನುತ್ತಿದ್ದ.

1946ರ ಬೇಸಿಗೆಯಲ್ಲಿ ಮುಂದೂಡಲು ಆಗದಂತಾಯಿತು. ಸ್ಟೇನ್‌ವೋಲ್ಡಿನ ಶಾಲೆಯಲ್ಲಿ ಮೂವತ್ತೆಂಟು ವರ್ಷ ಪಾಠ ಮಾಡಿ ನಿವೃತ್ತರಾಗಿದ್ದ ಮಿಸ್ ಲೆಗೆಟ್ ಎರಡೂ ಊರಿನ ಚರಿತ್ರೆಯ ಚಿಕ್ಕ ಪುಸ್ತಕವೊಂದನ್ನು ಬರೆದು ಮುಗಿಸಿದ್ದರು. ಚರ್ಚಿನ ಗೋಪುರ, ಹಳ್ಳದ ಸೇತುವೆ, ಸುಟ್ಟುಹೋದ ಗಾಳಿಗಿರಣಿ, ಎಲ್ಲವೂ ಅದರಲ್ಲಿದ್ದವು. ಯುದ್ಧದಿಂದ ನಿಂತುಹೋಗಿ ಏಳು ವರ್ಷದ ಮೇಲೆ ಮತ್ತೆ ನಡೆಯಲಿರುವ ಬ್ರೆಡ್ಡಿನ ಭಾನುವಾರದಂದು ಕಲ್ಲಿನ ಬಳಿಯೇ ಅದನ್ನು ಹಂಚುವುದೆಂದು ತೀರ್ಮಾನವಾಗಿತ್ತು.

ಆದರೆ ಆ ಜುಲೈನಲ್ಲಿ ಬ್ರೆಡ್ಡಿಗೇ ರೇಷನ್ ಬಂತು. ಯುದ್ಧ ನಡೆಯುತ್ತಿದ್ದಾಗಲೂ ಬಾರದ್ದು ಗೆದ್ದ ಮೇಲೆ ಬಂತೆಂದು ಜನ ಬೈದುಕೊಂಡರು. ಹನ್ನೆರಡು ಬ್ರೆಡ್ಡು ಬೇಕೆಂದರೆ ಸ್ಟೇನ್‌ವೋಲ್ಡಿನ ಮನೆಮನೆಯವರೂ ತಮ್ಮ ಕೂಪನ್ನು ಬಿಡಬೇಕು. ಬಿಟ್ಟರು. ತಮ್ಮ ಬಾಯಿಯ ತುತ್ತು ತೆಗೆದು ಕೆಳಗಿನೂರಿಗೆ ಕೊಡುತ್ತಿದ್ದೇವೆಂಬ ಹೆಮ್ಮೆ ಆ ವರ್ಷ ಎಂದಿಗಿಂತ ಜೋರಾಗಿತ್ತು. ಮಾರ್ಬೆಕ್‌ನ ಪಬ್ಬಿನಲ್ಲಿ ಆ ಬ್ರೆಡ್ಡನ್ನು ಮುಟ್ಟುವುದೇ ಬೇಡವೆಂಬ ಮಾತೂ ನಡೆಯಿತು.

ಕೂಪನ್ನು ಕೇಳಿಕೊಂಡು ಮಿಸ್ ಲೆಗೆಟ್ ಓಡ್ಲಿಂಗ್ ಮನೆಗೂ ಬಂದರು. ಲೆಟಿ ಬಾಗಿಲಲ್ಲೇ ನಿಂತಳು.

“ನನ್ನ ಕೂಪನ್ನು ಕೊಟ್ಟು, ನಮ್ಮೂರಿನವರ ಕೈಲಿ ಟೋಪಿ ತೆಗೆಸ್ಲಾ, ಮಿಸ್ ಲೆಗೆಟ್? ಅದೊಂದು ನನ್ನಿಂದ ಆಗಲ್ಲ.”

“ಇದು ಚರಿತ್ರೆ, ಲೆಟಿ. ಇದರಲ್ಲಿ ಅವಮಾನ ಪಡೋದೇನಿದೆ?”

“ನೀವು ಕೊಡೋ ಕಡೆ ನಿಂತಿದ್ದೀರಿ. ಅಲ್ಲಿಂದ ಕಾಣಲ್ಲ ಬಿಡಿ.”

ಜೇಬೆಜ್ ಒಳಗೆ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಮಿಸ್ ಲೆಗೆಟ್ ಹೋದ ಮೇಲೆ ದಾರ ಬಿಚ್ಚಿದ. ಚಹಾ ಕುಡಿಯುವ ಹೊತ್ತಿಗೆ ಹೇಳಿದ. ಕಲ್ಲಿನ ಮೇಲಿದ್ದ ಸಾಲನ್ನು ಒಂದಕ್ಷರ ಬಿಡದೆ ಹೇಳಿದ.

ಲೆಟಿ ಕೈಯಲ್ಲಿದ್ದ ಕೆಟಲನ್ನು ಒಲೆಯ ಮೇಲಿಟ್ಟಳು.

“ಯಾವಾಗ ನೋಡಿದ್ದು?”

“ನಲವತ್ತರಲ್ಲಿ. ಹೂಳೋವಾಗ.”

“ಆರು ವರ್ಷ.”

“ಹೇಳ್ಬಾರ್ದು ಅಂತ ಆಜ್ಞೆ ಇತ್ತು, ಲೆಟಿ.”

“ಎಲ್ಲಿ ಹೂತೆ ಅಂತ ಹೇಳ್ಬಾರ್ದು ಅಂತಿತ್ತು. ಏನು ಓದಿದೆ ಅಂತ ಹೇಳ್ಬಾರ್ದು ಅಂತ ಯಾರಂದಿದ್ರು?” ಅವಳು ಕಿಟಕಿಯ ಕಡೆ ತಿರುಗಿದಳು. “ನಮ್ಮಪ್ಪ ಹೋಗಿದ್ದು ನಲವತ್ತೆರಡರಲ್ಲಿ. ನೀನು ಓದಿದ ಮೇಲೆ ಎರಡು ವರ್ಷ ಬದುಕಿದ್ದ. ಅವನ ಪೆಟ್ಟಿಗೆ ಹೊತ್ತಿದ್ದೀಯ ನೀನು.”

ಅದಾದ ಮೇಲೆ ಅವಳು ಮಾತು ನಿಲ್ಲಿಸಿದಳು. ಊಟ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ಬಾಯಿ ಮಾತ್ರ ಬಿಡಲಿಲ್ಲ. ಎರಡೂ ಊರಿನಲ್ಲಿ ಹೆಸರಾದ ಬಾಯಿ ಅದು.

ಮರುದಿನ ಜೇಬೆಜ್ ಮಿಸ್ ಲೆಗೆಟ್‌ರನ್ನು ಗಣಿಗೆ ಕರೆದುಕೊಂಡು ಹೋದ. ಅಷ್ಟರಲ್ಲಿ ಕಲ್ಲನ್ನು ಹೊರತೆಗೆದು ಮಗ್ಗುಲಾಗಿಸಿದ್ದ. ಆಕೆಗೆ ಎಪ್ಪತ್ತೆರಡು ವರ್ಷ. ಕೋಲು ಬದಿಗಿಟ್ಟು, ಮಣ್ಣಿನಲ್ಲೇ ಮೊಣಕಾಲೂರಿ, ಕನ್ನಡಕ ಹಣೆಗೇರಿಸಿ, ಅಕ್ಷರಗಳನ್ನು ಬೆರಳಿನಿಂದ ತಡವುತ್ತಾ ಓದಿದರು.

“ಪುಸ್ತಕ ಅಚ್ಚಾಗಿ ಬಂದಾಯ್ತು, ಜೇಬೆಜ್. ಇನ್ನೂರು ಪ್ರತಿ.”

“ಹೌದಾ, ಮಿಸ್.”

“ಕಲ್ಲನ್ನು ಮೊದಲು ಇದ್ದ ಹಾಗೇ ಇಡು. ಕೌಂಟಿಯವರು ನಿನಗೆ ಹೇಳಿರೋದೂ ಅಷ್ಟೇ ತಾನೆ?”

“ಇದ್ದ ಹಾಗೆ ಅಂದ್ರೆ ಯಾವಾಗ ಇದ್ದ ಹಾಗೆ, ಮಿಸ್?”

ಆಕೆ ತಲೆ ಎತ್ತಿ ನೋಡಿದರು. ಅವನು ಕಲ್ಲಿನ ಬುಡ ತೋರಿಸಿದ. “ಇಲ್ನೋಡಿ, ಇಲ್ಲಿಂದ ಕೆಳಗೆ ಉಳಿ ತಾಗಿಲ್ಲ, ಒರಟು. ಅಂದ್ರೆ ಮೊದಲು ನೆಲ ಇಲ್ಲಿತ್ತು. ಆಮೇಲೆ ವರ್ಷಾ ವರ್ಷಾ ಜಲ್ಲಿ ಹಾಕಿ, ಮಣ್ಣು ಹಾಕಿ ರಸ್ತೆ ಏರಿದೆ. ಯಾರೂ ಬೇಕೂಂತ ಮುಚ್ಚಿಲ್ಲ. ಅದರಲ್ಲಿ ಇಪ್ಪತ್ತು ವರ್ಷದ ಜಲ್ಲಿ ನಾನೇ ಹಾಕಿದ್ದು.”

ಮಿಸ್ ಲೆಗೆಟ್ ಕೋಲು ಹುಡುಕಿ ಎದ್ದರು. ಹೊರಡುವ ಮುನ್ನ ತಮಗೆ ತಾವೇ ಹೇಳಿಕೊಳ್ಳುವಂತೆ ಹೇಳಿದರು: “ಆ ವರ್ಷ ನಮ್ಮ ಚರ್ಚಿನ ಸಾವಿನ ಪುಸ್ತಕದಲ್ಲಿ ನಾಲ್ಕು ತಿಂಗಳು ಒಂದೂ ಹೆಸರಿಲ್ಲ. ಸ್ಟೇನ್‌ವೋಲ್ಡಿನಲ್ಲಿ ಯಾರೂ ಸಾಯಲಿಲ್ಲ, ದೇವರು ಕಾಪಾಡಿದ ಅಂತ ಬರೆದಿದ್ದೀನಿ ನಾನು.”

“ಹ್ಞೂಂ.”

“ಬರೆಯೋ ಪಾದ್ರಿಯೇ ಮೊದಲು ಸತ್ತಿರ್ಬೇಕು.”

ಕಲ್ಲನ್ನು ಅಕ್ಷರ ಕಾಣುವಂತೆ ನಿಲ್ಲಿಸಲು ಅವರು ಹೌದೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಗುಡ್ಡ ಹತ್ತಿ ಮನೆಗೆ ಹೋದರು. ಜೇಬೆಜ್ ಆ ವಾರವೇ ಕುದುರೆ ತಂದು, ರಸ್ತೆ ಪಕ್ಕದ ಹುಲ್ಲಿನ ದಿಬ್ಬದ ಮೇಲೆ, ಒರಟು ಭಾಗವಷ್ಟೇ ಮಣ್ಣಿಗೆ ಹೋಗುವಂತೆ ಕಲ್ಲನ್ನು ನಿಲ್ಲಿಸಿದ. ಈಗ ಅದು ಅವನ ಗದ್ದದೆತ್ತರ ಬಂತು. ಅಕ್ಷರದ ಮುಖಕ್ಕೆ ಗೋಣಿ ಸುತ್ತಿದ.

ಸೆಪ್ಟೆಂಬರಿನ ಆ ಭಾನುವಾರ ನಾನೂ ಅಲ್ಲಿದ್ದೆ. ನನಗೆ ಇಪ್ಪತ್ತೆರಡು ವರ್ಷ. ಅಂಚೆ ಕಚೇರಿ ಸೇರಿ ತಿಂಗಳಾಗಿತ್ತು. ಜೇಬೆಜ್ ಗೋಣಿ ಬಿಚ್ಚಿ ಪಕ್ಕಕ್ಕೆ ಸರಿದ. ಮುಂದಿದ್ದವರು ಓದಿದರು, ಹಿಂದಿದ್ದವರು ಏನಂತೆ ಏನಂತೆ ಎಂದು ಕೇಳಿದರು. ಹಲಗೆ ಹೊತ್ತವರಿಗೆ ಇಳಿಸಬೇಕೋ ಬೇಡವೋ ತಿಳಿಯಲಿಲ್ಲ.

ಸ್ಟೇನ್‌ವೋಲ್ಡಿನ ಚರ್ಚಿನ ಹಿರಿಯ ಕಟ್‌ಫೋರ್ತ್ ಮೊದಲು ಬಾಯಿ ತೆರೆದ. ಐನೂರು ಎಕರೆಯ ಜಮೀನುದಾರ; ಜೇಬೆಜ್ ಕುದುರೆ ಕೇಳಿ ತರುತ್ತಿದ್ದದ್ದು ಅವನಿಂದಲೇ.

“ಇದು ನಿನ್ನೆ ಮೊನ್ನೆ ಕೊರೆದಿದ್ದು. ಆರು ವರ್ಷ ಕಲ್ಲು ಯಾರ ಹತ್ರ ಇತ್ತು? ಓಡ್ಲಿಂಗ್ ಹತ್ರ. ಓಡ್ಲಿಂಗ್ ಹೆಂಡತಿ ಯಾವ ಊರಿನವಳು? ಇನ್ನೇನು ಹೇಳ್ಬೇಕು?”

“ಇಷ್ಟು ಚೆಂದ ಕೆತ್ತಕ್ಕೆ ಬಂದಿದ್ರೆ ಅವನ್ಯಾಕೆ ಇಪ್ಪತ್ತೇಳು ವರ್ಷ ಮಳೇಲಿ ಚರಂಡಿ ಬಾಚ್ತಿದ್ದ?” ಎಂದು ಮಾರ್ಬೆಕ್ ಕಡೆಯಿಂದ ಯಾರೋ ಕೂಗಿದರು. ಕೆಲವರು ನಕ್ಕರು.

ಆಗ ಮಿಸ್ ಲೆಗೆಟ್ ಕೋಲೂರಿಕೊಂಡು ಮುಂದೆ ಬಂದರು.

“ಈ ಅಕ್ಷರ ಇವನದಲ್ಲ, ಮಿಸ್ಟರ್ ಕಟ್‌ಫೋರ್ತ್. ಇವನ ಕೈಬರಹ ನಾನು ಏಳು ವರ್ಷ ತಿದ್ದಿದ್ದೀನಿ. ಇವನ ಒಂದು ಸಾಲೂ ನೆಟ್ಟಗೆ ಹೋಗ್ತಿರ್ಲಿಲ್ಲ.” ಆಮೇಲೆ ಸೇರಿಸಿದರು: “ನಿಮ್ಮದನ್ನೂ ತಿದ್ದಿದ್ದೀನಿ. ನಿಮಗೆ ಓದೋದು ಕಷ್ಟ ಆಗ್ತಿತ್ತು. ನಿಧಾನವಾಗಿ ಓದಿ.”

ತಂದಿದ್ದ ಪುಸ್ತಕಗಳನ್ನು ಹಂಚಿದರು. ಇನ್ನೂರು ಪ್ರತಿಯಲ್ಲೂ ಒಂಬತ್ತನೇ ಪುಟದ ಮೇಲೆ ತಮ್ಮ ಕೈಯಿಂದಲೇ ಬರೆದ ಚೀಟಿ ಅಂಟಿಸಿದ್ದರು: ‘ಈ ಪುಟದಲ್ಲಿರುವುದು ತಪ್ಪು. ಕಲ್ಲನ್ನು ಓದಿ.’ ನನ್ನ ಪ್ರತಿ ಇನ್ನೂ ನನ್ನ ಬಳಿ ಇದೆ. ಅಂಟು ಹಳದಿಯಾಗಿದೆ.

ಉಳಿದದ್ದು ಬ್ರೆಡ್ಡಿನ ಪ್ರಶ್ನೆ. ಈಗ ಯಾರು ಯಾರಿಗೆ ಕೊಡಬೇಕು, ಯಾರು ಟೋಪಿ ತೆಗೆಯಬೇಕು? ಮಾರ್ಬೆಕ್‌ನವರು ಕೈ ಚಾಚಲಿಲ್ಲ. ಸ್ಟೇನ್‌ವೋಲ್ಡಿನವರಿಗೆ ಹೊತ್ತು ತಂದದ್ದನ್ನು ಹೊತ್ತುಕೊಂಡು ಹೋಗಲು ಮುಖವಿರಲಿಲ್ಲ. ಬಿಸಿಲು ಬ್ರೆಡ್ಡಿನ ಮೇಲೆ ಬೀಳುತ್ತಿತ್ತು. ಲೆಟಿ ಗುಂಪಿನಿಂದ ಹೊರಬಂದು ಹಲಗೆಯ ಮುಂದೆ ನಿಂತಳು.

“ರೇಷನ್ ಬ್ರೆಡ್ಡು ಇದು. ಹೀಗೆ ನೋಡ್ತಾ ನಿಂತ್ರೆ ಒಣಗಿ ಹೋಗುತ್ತೆ” ಎಂದು ಒಂದನ್ನೆತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆದುಬಿಟ್ಟಳು. ಹಿಂದೆಯೇ ಇನ್ನೊಬ್ಬಳು ಎತ್ತಿದಳು. ಐದು ನಿಮಿಷದಲ್ಲಿ ಹಲಗೆ ಖಾಲಿಯಾಯಿತು. ಯಾವ ಊರಿನವರು ಎಷ್ಟು ಒಯ್ದರೆಂದು ಯಾರೂ ನೋಡಲಿಲ್ಲ. ಅದೇ ಕೊನೆಯ ಬ್ರೆಡ್ಡಿನ ಭಾನುವಾರ. ನಿಲ್ಲಿಸಬೇಕೆಂದು ಯಾರೂ ಹೇಳಲಿಲ್ಲ. ಮರುವರ್ಷ ಯಾರೂ ಹಲಗೆ ತೆಗೆಯಲಿಲ್ಲ, ಅಷ್ಟೇ.

ಲೆಟಿ ಬ್ರೆಡ್ಡು ಹಿಡಿದು ಮನೆಗೆ ಹೋದಳು ಎಂದುಕೊಂಡಿದ್ದೆವು. ಅವಳು ಹೋದದ್ದು ಕೆಳಗೆ, ಮಾರ್ಬೆಕ್ ಚರ್ಚಿನ ಸ್ಮಶಾನಕ್ಕೆ. ಜೇಬೆಜ್ ಇಪ್ಪತ್ತು ಹೆಜ್ಜೆ ಹಿಂದೆ ನಡೆದು ಹೋದ. ಅಪ್ಪನ ಗೋರಿಯ ಮುಂದೆ ಅವಳು ನಿಂತು, ಆರು ವಾರಗಳಲ್ಲಿ ಮೊದಲ ಬಾರಿಗೆ ಗಂಡನೊಡನೆ ಮಾತಾಡಿದಳು.

“ಹೇಳು.”

“ಏನು?”

“ನನಗೆ ಹೇಳಿದ್ದನ್ನ ಇವನಿಗೂ ಹೇಳು. ಟೋಪಿ ತೆಗೆದು ಹೇಳು.”

ಸತ್ತವರಿಗೆ ಕೇಳಿಸುತ್ತದೆ ಎಂಬ ನಂಬಿಕೆ ಜೇಬೆಜ್‌ಗಿರಲಿಲ್ಲ. ಫ್ರಾನ್ಸಿನ ಕಂದಕಗಳಲ್ಲಿ ಅದು ಹೋಗಿಬಿಟ್ಟಿತ್ತು. ಆದರೂ ಟೋಪಿ ತೆಗೆದ. ಕಲ್ಲಿನ ಸಾಲನ್ನು ಗಟ್ಟಿಯಾಗಿ ಹೇಳಿದ. ಆಮೇಲೆ, “ನನಗೆ ಗೊತ್ತಿತ್ತು, ಏಮಸ್. ಹೇಳ್ಬೇಕಿತ್ತು. ಹೇಳ್ಲಿಲ್ಲ” ಎಂದ. ಇದನ್ನು ಅವನೇ ನನಗೆ ಹೇಳಿದ್ದು. ಲೆಟಿ ಯಾರಿಗೂ ಹೇಳಿರಲಿಲ್ಲ. ಇಬ್ಬರೂ ಅಲ್ಲೇ ಗೋಡೆಯ ಮೇಲೆ ಕೂತು ಬ್ರೆಡ್ಡು ಮುರಿದು ತಿಂದರು. ಬೆಣ್ಣೆ ಇರಲಿಲ್ಲ.

ಸ್ಟೇನ್‌ವೋಲ್ಡ್ ಅವನನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ. ಚಳಿಗಾಲ ಬರುವ ಮುಂಚೆ ಯಾರೋ ಅಕ್ಷರಗಳ ಮೇಲೆ ಟಾರು ಬಳಿದರು. ಜೇಬೆಜ್ ಒಂದು ಶನಿವಾರವೆಲ್ಲ ಸೀಮೆಎಣ್ಣೆ, ಚಿಂದಿ ಹಿಡಿದು ಉಜ್ಜಿ ತೆಗೆದ. ಮತ್ತೆ ಬಳಿದರು, ಮತ್ತೆ ತೆಗೆದ. ಗಂಡ ಹೆಂಡತಿ ಪ್ರಾರ್ಥನೆಗೆ ಹೋಗುತ್ತಿದ್ದ ಚಾಪೆಲ್ಲಿನಲ್ಲಿ ಅವರ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಕಟ್‌ಫೋರ್ತ್ ಕುದುರೆ ಕೊಡುವುದನ್ನು ನಿಲ್ಲಿಸಿದ. ಆಮೇಲೆ 1947ರ ದೊಡ್ಡ ಹಿಮ ಬಿತ್ತು. ಕಟ್‌ಫೋರ್ತ್‌ನ ಕುರಿಮಂದೆ ಗುಡ್ಡದ ಹಿಂದೆ ಸಿಕ್ಕಿಕೊಂಡಾಗ ದಾರಿ ಬಿಡಿಸಿದ್ದು ಜೇಬೆಜ್, ಮೂರು ದಿನ. ಅದು ಅವನ ಕೆಲಸವೇ ಆಗಿತ್ತು. ಕಟ್‌ಫೋರ್ತ್ ಆಮೇಲೂ ಏನೂ ಹೇಳಲಿಲ್ಲ, ಆದರೆ ಟಾರು ಬಳಿಯುವುದು ನಿಂತಿತು.

ಮಿಸ್ ಲೆಗೆಟ್ 1951ರಲ್ಲಿ ತೀರಿಕೊಂಡರು. ಲೆಟಿ ಹೋದದ್ದು ಹತ್ತು ವರ್ಷದ ಮೇಲೆ. ಕೆಲಸದಿಂದ ನಿವೃತ್ತನಾಗಿದ್ದ ಜೇಬೆಜ್ ಸ್ಟೇನ್‌ವೋಲ್ಡಿನ ಮನೆ ಬಿಟ್ಟು ಮಾರ್ಬೆಕ್‌ನಲ್ಲಿ ಅವಳ ತಮ್ಮನ ಪಕ್ಕದ ಎರಡು ಕೋಣೆಗೆ ಬಂದ. ಪಿಂಚಣಿ ದಿನ ಅಂಚೆ ಕಚೇರಿಗೆ ಬಂದರೆ ಕೌಂಟರಿನ ಬದಿಯ ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದ. ನಾನು ಈ ಕಥೆಯ ಬಹುಪಾಲು ಕೇಳಿದ್ದು ಅಲ್ಲೇ.

ಒಮ್ಮೆ ಸ್ಟೇನ್‌ವೋಲ್ಡಿನ ಶಾಲೆಗೆ ಬಂದ ಹೊಸ ಮೇಷ್ಟ್ರು, ಮಕ್ಕಳಿಗೆ ಊರಿನ ಚರಿತ್ರೆ ಹೇಳಬೇಕೆಂದು ಅವನನ್ನು ಕರೆಸಿದ. ಜೇಬೆಜ್ ಕೋಟು ಹಾಕಿಕೊಂಡು ಹೋದ. ಮುಕ್ಕಾಲು ಗಂಟೆ ಮಾತಾಡಿದ. ರಸ್ತೆಯ ನಡು ಎಷ್ಟು ಉಬ್ಬಿರಬೇಕು, ಚರಂಡಿಯ ಬಾಯಿ ಯಾವ ಕಡೆಗಿರಬೇಕು, ಎಲೆ ಉದುರುವ ಕಾಲಕ್ಕೆ ಮುಂಚೆ ಯಾವ ತೂಬು ನೋಡಬೇಕು, ಇಷ್ಟನ್ನೇ ಹೇಳಿದ. ಕಲ್ಲಿನ ಸುದ್ದಿ ಎತ್ತಲಿಲ್ಲ. ಮೇಷ್ಟ್ರು ಕೊನೆಗೆ ತಾನೇ ಕೇಳಿದ: “ವಿನೆಗರ್ ಕಲ್ಲಿನ ಬಗ್ಗೆ ಏನಾದ್ರೂ ಹೇಳ್ತೀರಾ, ಮಿಸ್ಟರ್ ಓಡ್ಲಿಂಗ್?”

“ಅದರಲ್ಲಿ ಬರೆದಿದೆ. ಇವರಿಗೆ ಓದೋಕೆ ಬರುತ್ತಲ್ಲ” ಎಂದನಂತೆ.

1968ರ ಮಾರ್ಚಿನಲ್ಲಿ, ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ನಿದ್ದೆಯಲ್ಲೇ ಹೋದ. ಮಾರ್ಬೆಕ್ ಸ್ಮಶಾನದಲ್ಲಿ ಲೆಟಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಅವತ್ತು ಮಳೆ. ಸ್ಟೇನ್‌ವೋಲ್ಡಿನಿಂದ ಹದಿನಾಲ್ಕು ಜನ ನಡೆದುಕೊಂಡೇ ಬಂದಿದ್ದರು.